ಪೇಷೆಂಟ್ ಕಡೆಯವರು

ವಾರವೆಲ್ಲ ಹಿಡಿದಿದ್ದ ಜಡಿಮಳೆ ಇವತ್ತು ಬೆಳಿಗ್ಗೆ ಬಿಟ್ಟಿತು. ನಮ್ಮ ಶಿಡ್ಲಘಟ್ಟಕ್ಕೆ ಮಳೆ ಎಂದರೆ ಅಪರೂಪದ ನೆಂಟ. ಬಂದರೆ ಸಂತೋಷ, ನಾಲ್ಕು ದಿನ ಕೂತರೆ ಇದು ಯಾವಾಗ ಹೊರಡುತ್ತದೋ ಎನ್ನುವ ಯೋಚನೆ. ಬಿಸಿಲು ಕಂಡದ್ದೇ ತಡ, ಬೀದಿಯವರೆಲ್ಲ ಹಾಸಿಗೆ, ಕಂಬಳಿ, ಮೆಣಸಿನಕಾಯಿ ಹೊತ್ತುಕೊಂಡು ಮಹಡಿ ಹತ್ತಿದರು. ಎಲ್ಲರೂ ಏನಾದರೊಂದನ್ನು ಒಣಗಿಸುವಾಗ ನಾನೊಬ್ಬಳೇ ಕೈಕಟ್ಟಿ ನಿಲ್ಲುವುದು ಚೆನ್ನಾಗಿರುವುದಿಲ್ಲವಲ್ಲ. ಒಂಟಿ ಹೆಂಗಸಿನ ಮನೆಯಲ್ಲಿ ಮುಗ್ಗುವಂಥದ್ದು ಏನಿರುತ್ತದೆ ಹೇಳಿ? ಹುಡುಕಿ ಹುಡುಕಿ, ಬೀರುವಿನ ಹಿಂದೆ ಒರಗಿಸಿಟ್ಟಿದ್ದ ಮಡಿಸುವ ಸ್ಟೂಲೊಂದನ್ನು ತಂದು ಬಾಗಿಲ ಮುಂದೆ ಬಿಡಿಸಿಟ್ಟೆ.

ಬಿಡಿಸಿದ ಕೂಡಲೇ ವಾಸನೆ ಮೇಲೆದ್ದಿತು. ಮುಗ್ಗಿದ ದಪ್ಪ ಬಟ್ಟೆಯದು, ಅದರ ಅಡಿಯಲ್ಲಿ ತುಸು ಫಿನಾಯಿಲಿನದು. ಎದುರು ಮನೆಯ ಶಾಹಿದಾ ಮಹಡಿಯಿಂದಲೇ ಕೂಗಿದಳು: "ಏ ಟೀಚರಮ್ಮ, ಅದನ್ನಿನ್ನೂ ಇಟ್ಕೊಂಡಿದೀರಾ? ಗುಜರಿಯೋನು ಬರೋ ಹೊತ್ತು, ಕೊಟ್ಬಿಡಿ. ಬೆಳ್ಳುಳ್ಳಿನಾದ್ರೂ ಕೊಡ್ತಾನೆ."

ನಾನು ನಕ್ಕೆ. ಬೆಳ್ಳುಳ್ಳಿಗೆ ಕೊಡುವ ಸ್ಟೂಲಲ್ಲ ಅದು ಎಂದು ಮಹಡಿಯವರೆಗೆ ಕೂಗಿ ಹೇಳುವುದಕ್ಕೆ ನನ್ನ ಗಂಟಲಿನಲ್ಲಿ ಈಗ ಶಕ್ತಿಯಿಲ್ಲ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಇದ್ದ ಗಂಟಲನ್ನೆಲ್ಲ ಸಂಧಿ ಸಮಾಸಗಳಿಗೆ ಖರ್ಚು ಮಾಡಿ ಹೋದ ವರ್ಷ ನಿವೃತ್ತಳಾದವಳು ನಾನು. ನಿಮಗಾದರೆ ಹೇಳಬಹುದು. ನೀವು ಮಹಡಿಯ ಮೇಲಿಲ್ಲ, ಪಕ್ಕದಲ್ಲಿದ್ದೀರಿ.

ಸ್ಟೂಲು ಮುನಿಶಾಮಪ್ಪನವರದು. ದಿಬ್ಬೂರಹಳ್ಳಿ ಕಡೆಯವರು. ಸೈನ್ಯದಲ್ಲಿ ಹವಲ್ದಾರರಾಗಿದ್ದು ನಿವೃತ್ತರಾದ ಮೇಲೆ ನಮ್ಮ ಬೀದಿಯ ಕೊನೆಯಲ್ಲಿ ಶೀಟಿನ ಮನೆ ಕಟ್ಟಿಕೊಂಡಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯ ಗೋಡೆಗೆ ಬುದ್ಧನ ಪಟ, ಅದರ ಪಕ್ಕಕ್ಕೆ ಹೆಂಡತಿಯ ಪಟ, ಎರಡಕ್ಕೂ ಒಂದೇ ಅಳತೆಯ ಹೂವು. ಊರಿಗೆಲ್ಲ ಅವರು ಮಿಲ್ಟ್ರಿ ತಾತ. ನಾನು ಮಾತ್ರ ಮುನಿಶಾಮಣ್ಣ ಎನ್ನುತ್ತಿದ್ದೆ. ತಾತ ಎನ್ನುವುದಕ್ಕೆ ನನ್ನ ವಯಸ್ಸು ಒಪ್ಪುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಒಪ್ಪುತ್ತಿರಲಿಲ್ಲ.

ನೀವು ಯಾವಾಗಲಾದರೂ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದರೆ ಒಂದು ಪ್ರಶ್ನೆ ನಿಮಗೆ ಗೊತ್ತಿರುತ್ತದೆ. ನರ್ಸು ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ಪೇಷೆಂಟ್ ಕಡೆಯವರು ಯಾರ್ರೀ?" ಔಷಧಿ ತರುವುದಕ್ಕೆ, ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೆ, ಗಂಜಿ ಕುಡಿಸುವುದಕ್ಕೆ ಒಬ್ಬರು ಬೇಕು. ಕೇಳುವವಳ ತಪ್ಪೇನಿಲ್ಲ, ಅವಳಿಗೆ ವಾರ್ಡಿನ ತುಂಬ ಕೆಲಸ. ಆದರೆ ಕೆಲವು ಮಂಚಗಳಿಂದ ಆ ಪ್ರಶ್ನೆಗೆ ಉತ್ತರವೇ ಬರುವುದಿಲ್ಲ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಯಲ್ಲಿ ದುಡಿಯುವ ದಿಕ್ಕಿಲ್ಲದ ಹೆಂಗಸು, ದಾರಿಯಲ್ಲಿ ಎದೆ ಹಿಡಿದುಕೊಂಡ ಲಾರಿ ಡ್ರೈವರು, ಕೈವಾರಕ್ಕೆ ಯಾತ್ರೆ ಬಂದು ಜ್ವರ ಹಿಡಿದು ಬಿದ್ದ ಮುದುಕ. ಅಂಥ ಮಂಚದ ಪಕ್ಕದಿಂದ ಮುನಿಶಾಮಣ್ಣ "ನಾನೇ" ಎನ್ನುತ್ತಿದ್ದರು. ಪಿಂಚಣಿ ಬರಲು ಶುರುವಾದ ದಿನದಿಂದ ಅವರು ಮಾಡಿದ್ದು ಅದೊಂದೇ ಕೆಲಸ. ಸಂಘವಿಲ್ಲ, ಬೋರ್ಡಿಲ್ಲ, ರಸೀತಿ ಪುಸ್ತಕವಿಲ್ಲ. ವಾರ್ಡಿನ ಆಯಾಗಳ ಬಳಿ ಅವರ ಫೋನ್ ನಂಬರ್ ಇತ್ತು, ಅಷ್ಟೆ. ಫೋನ್ ಬಂದರೆ ಸ್ಟೂಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತುವರು. ಚಿಕ್ಕಬಳ್ಳಾಪುರವಾಗಲಿ, ಚಿಂತಾಮಣಿಯಾಗಲಿ, ಗೌರಿಬಿದನೂರೇ ಆಗಲಿ.

ಸ್ಟೂಲೇಕೆ ಎಂದು ಒಮ್ಮೆ ಕೇಳಿದ್ದೆ. ಅದಕ್ಕೊಂದು ಶಾಸ್ತ್ರವೇ ಇತ್ತು ಅವರಲ್ಲಿ. "ಮಂಚ ಪೇಷೆಂಟ್‌ದು ಟೀಚರಮ್ಮ. ಅದ್ರ ಮೇಲೆ ಕೂತ್ರೆ ಇರೋ ಒಂದ್ ಜಾಗಾನೂ ಕಿತ್ಕೊಂಡಂಗೆ. ನಿಂತ್ಕೊಂಡ್ರೆ ಇನ್ನೂ ಕೆಟ್ಟದ್ದು, ಹೊರಟೋನ ಥರ ಕಾಣ್ತೀವಿ. ಕೂತ್ಕೊಂಡಿದ್ರೆ ಇರ್ತಾನೆ ಅಂತ ಅವ್ರಿಗೆ ಗೊತ್ತಾಗುತ್ತೆ." ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಆ ಸ್ಟೂಲನ್ನು ಬಿಡಿಸಿ ಕೂತವರಲ್ಲ. ಸೈನ್ಯದಲ್ಲಿದ್ದಾಗ ಕಾಲಿನ ಬೆರಳುಗಳು ಹಿಮ ಕಚ್ಚಿ ಹೋಗಿದ್ದರಿಂದ ಹೆಚ್ಚು ಹೊತ್ತು ನಿಲ್ಲುವುದು ಅವರಿಗೆ ಕಷ್ಟ. ಆದರೂ ಕಂಬಿ ಹಿಡಿದು ನಿಂತೇ ಹೋಗುವರು. ಕಂಡಕ್ಟರು ರೇಗಿಸಿದರೆ, "ಇದು ಡ್ಯೂಟಿ ಸ್ಟೂಲಪ್ಪ, ಸ್ವಂತಕ್ಕೆ ಬಳಸ್ಬಾರ್ದು" ಎನ್ನುವರು.

ನಾನು ಅವರನ್ನು ಸರಿಯಾಗಿ ಅರಿತದ್ದು ನನ್ನ ಕಾಲು ಮುರಿದಾಗ. ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ, ಯಾರೋ ಹೊರೆಯಿಂದ ಚೆಲ್ಲಿದ್ದ ಹಸಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ನನ್ನ ಸ್ಕೂಟರು ಜಾರಿತು. ನಾನು ಒಂದು ಕಡೆ, ಟಿಫನ್ ಡಬ್ಬಿ ಒಂದು ಕಡೆ. ಜನ ಒಳ್ಳೆಯವರು, ಎತ್ತಿ ಆಟೋದಲ್ಲಿ ಕೂರಿಸಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿ ತಂತಮ್ಮ ಕೆಲಸಕ್ಕೆ ಹೋದರು. ಆಮೇಲೆ ಬಂತು ನೋಡಿ ಪ್ರಶ್ನೆ: ಪೇಷೆಂಟ್ ಕಡೆಯವರು ಯಾರು? ಅಪ್ಪ ಅಮ್ಮ ಇಲ್ಲ. ಮದುವೆ ಎನ್ನುವುದು ನನ್ನ ಬಾಳಿನಲ್ಲಿ ಪಠ್ಯದ ಹೊರಗೇ ಉಳಿದ ಪಾಠ. ದಾವಣಗೆರೆಯಲ್ಲಿರುವ ಅಕ್ಕ ಮಗಳ ಬಾಣಂತನದಲ್ಲಿದ್ದಳು. ಪ್ರಶ್ನೆ ಕೇಳುವುದೇ ಕಸುಬಾಗಿದ್ದವಳು ಸೂರು ನೋಡುತ್ತ ಮಲಗಿದೆ. ಅಷ್ಟು ಹೊತ್ತೂ ಕಾಲು ನೋಯುತ್ತಿತ್ತು, ಅಳು ಬಂದಿರಲಿಲ್ಲ. ಆಗ ಬಂತು.

ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟರೆ ಮಂಚದ ಬಳಿ ಮುನಿಶಾಮಣ್ಣ ನೆಟ್ಟಗೆ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ನುಣ್ಣಗೆ ಕ್ಷೌರ ಮಾಡಿದ ಮುಖ. "ಮುನಿಶಾಮಪ್ಪ, ಡ್ಯೂಟಿಗೆ ಬಂದಿದೀನಿ ಟೀಚರಮ್ಮ" ಎಂದು ವರದಿ ಒಪ್ಪಿಸಿ, ಸ್ಟೂಲು ಬಿಡಿಸಿ ಕೂತರು. "ಅಯ್ಯೋ ಪಾಪ" ಎನ್ನಲಿಲ್ಲ, "ಹೆಂಗಾಯ್ತು" ಎನ್ನಲಿಲ್ಲ. ಹೆಂಗಸರ ಕೆಲಸಕ್ಕೆ ಆಯಾಳನ್ನು ಮೊದಲೇ ಗೊತ್ತು ಮಾಡಿದ್ದರು. ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು ತಂದರು. ಸಂಜೆ ಕೊನೆಯ ಬಸ್ಸಿಗೆ ಮುಂಚೆ ಮತ್ತೆ ನೆಟ್ಟಗೆ ನಿಂತು, "ಹೋಗ್ಬೋದಾ ಟೀಚರಮ್ಮ?" ಎಂದು ಕೇಳಿದರು.

ಯಾರಿಗೂ ಹೊರೆಯಾಗಬಾರದು ಎಂದೇ ಬದುಕಿದವಳು ನಾನು. "ಹೋಗಿ ಹೋಗಿ, ಪಾಪ ನಿಮಗ್ಯಾಕೆ ತೊಂದರೆ" ಎಂದು ಬಡಬಡಿಸಿದೆ. ಅವರು ಕದಲಲಿಲ್ಲ.

"ಸರ್ಯಾಗಿ ಯೋಚ್ನೆ ಮಾಡಿ ಹೇಳಿ. ಮಲಗಿರೋರು ಹೇಳ್ದೆ ಡ್ಯೂಟಿ ಬಿಡೋ ಹಂಗಿಲ್ಲ."

ಆಮೇಲೆ ಗೊತ್ತಾಯಿತು, ಇದು ನನಗೆಂದು ಮಾಡಿದ ವಿಶೇಷವಲ್ಲ. ಪ್ರತಿಯೊಂದು ಮಂಚದ ಮುಂದೆಯೂ ಅವರು ಹಾಗೆಯೇ ನಿಂತು ಅಪ್ಪಣೆ ಕೇಳುತ್ತಿದ್ದರಂತೆ. ಹಾಸಿಗೆ ಹಿಡಿದವರನ್ನು ಯಾರೂ ಏನನ್ನೂ ಕೇಳುವುದಿಲ್ಲವಲ್ಲ. ಸೂಜಿ ಚುಚ್ಚುವಾಗ ಕೇಳುವುದಿಲ್ಲ, ದೀಪ ಆರಿಸುವಾಗ ಕೇಳುವುದಿಲ್ಲ. ಜನ್ಮದಲ್ಲಿ ಯಾರಿಗೂ ಅಪ್ಪಣೆ ಕೊಡದ ಕೂಲಿಯವರೂ ಆ ಹವಲ್ದಾರರಿಗೆ "ಹೋಗು" "ಇರು" ಎಂದು ಹೇಳಬಹುದಾಗಿತ್ತು. ನಾನು ಆವತ್ತು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಇನ್ನೊಂದು ಚೂರು ಇರ್ತೀರಾ ಮುನಿಶಾಮಣ್ಣ?" ಎಂದೆ. ಕೂತರು. ಬಸ್ಸು ತಪ್ಪಿತು. ಅದರ ಮಾತೇ ಎತ್ತಲಿಲ್ಲ.

ಆ ಹೊತ್ತಿನಲ್ಲಿಯೇ ಅವರು ತಮ್ಮ ಆಸ್ಪತ್ರೆಯ ಕಥೆ ಹೇಳಿದ್ದು. ಕಾಲಿನ ಬೆರಳು ಕಳೆದುಕೊಂಡಾಗ ಎಲ್ಲೋ ಉತ್ತರದ ಸೈನಿಕ ಆಸ್ಪತ್ರೆಯಲ್ಲಿ ಮಲಗಿದ್ದರಂತೆ. ಮನೆಯವರು ಇಷ್ಟು ದೂರದಲ್ಲಿ, ಕಾಗದ ಮುಟ್ಟುವುದಕ್ಕೇ ದಿನಗಟ್ಟಲೆ. ಪಕ್ಕದ ಮಂಚದ ಹುಡುಗನ ತಾಯಿ ಬಂದಿದ್ದಳು. "ಬೆಟ್ಟದ ಕಡೆಯ ಹೆಂಗ್ಸು. ಅವಳ ಭಾಷೆ ನಂಗ್ ಬರಲ್ಲ, ನಮ್ ತೆಲುಗು ಕನ್ನಡ ಅವಳಿಗೆ ಬರಲ್ಲ. ಮಗ ನಿದ್ದೆ ಹೋದ್ಮೇಲೆ ನನ್ ಹತ್ರ ಬಂದು ಕೂತ್ಕೊಳೋಳು. ಏನೋ ಹೇಳೋಳು. ನಾನು ಹೂಂ ಅನ್ನೋನು. ಅವಳು ಏನ್ ಹೇಳಿದ್ಳು ಅಂತ ಇವತ್ಗೂ ಗೊತ್ತಿಲ್ಲ ಟೀಚರಮ್ಮ. ಕೂತಿದ್ಳು, ಅಷ್ಟೆ."

ನನ್ನ ಕಾಲು ಕೂಡಿಕೊಂಡಿತು. ಆಮೇಲೆ ಸ್ವಲ್ಪ ಕಾಲಕ್ಕೆ, ಊರಿನ ಕೆಲವು ಹಿರಿಯರಿಗೆ ಮಿಲ್ಟ್ರಿ ತಾತನಿಗೊಂದು ಸನ್ಮಾನ ಮಾಡಬೇಕೆಂದು ಹೊಳೆಯಿತು. ನಮ್ಮ ಕಡೆ ಸನ್ಮಾನವೆಂದರೆ ನಿಮಗೆ ಗೊತ್ತೇ ಇದೆ: ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಸನ್ಮಾನಪತ್ರ. ಪತ್ರ ಬರೆಯುವ ಕೆಲಸ ಕನ್ನಡ ಟೀಚರಿಗೆ ಬಂತು. ನಾನು ಸುಮ್ಮನೆ ಬಿಟ್ಟೇನೆ? ಕರುಣಾಸಾಗರ, ದೀನಬಂಧು, ವೀರಯೋಧ, ಕೈಗೆ ಸಿಕ್ಕ ಸಮಾಸವನ್ನೆಲ್ಲ ಸುರಿದೆ. ಸ್ಟೂಲಿನ ವಿಷಯ ಮಾತ್ರ ಒಂದಕ್ಷರ ಬರೆಯಲಿಲ್ಲ. ಆ ಶೈಲಿಯಲ್ಲಿ ಸ್ಟೂಲಿಗೆ ಜಾಗವಿರಲಿಲ್ಲ.

ಸಭೆಯ ದಿನ ಅವರು ಚಿಕ್ಕಬಳ್ಳಾಪುರದ ಬಸ್ಸಿನಿಂದ ನೇರವಾಗಿ ಇಳಿದು ಬಂದರು, ಕಂಕುಳಲ್ಲಿ ಸ್ಟೂಲು. ಮದುವೆಯ ಗಂಡು ಹೆಣ್ಣು ಕೂರುವ, ಸಿಂಹದ ಕೈಯಿರುವ ಕೆಂಪು ಕುರ್ಚಿಯನ್ನು ಶಾಮಿಯಾನದವರಿಂದ ತರಿಸಿದ್ದರು. ಅದರಲ್ಲಿ ಮುಳುಗಿ, ಪೇಟ ಹುಬ್ಬಿನವರೆಗೆ ಇಳಿದು, ಶಾಲಿನ ಮೇಲೆ ಶಾಲು ಬಿದ್ದು ಮುನಿಶಾಮಣ್ಣ ಕಾಣದಂತಾದರು. ಎಲ್ಲರ ಭಾಷಣ ಮುಗಿದ ಮೇಲೆ ಅವರ ಕೈಗೆ ಮೈಕು ಕೊಟ್ಟರು. ಅವರು ಎದ್ದು ನಿಂತು ಸಭೆಯನ್ನೊಮ್ಮೆ ನೋಡಿದರು.

"ಎಲ್ರಿಗೂ ನಮಸ್ಕಾರ. ವಾರ್ಡಲ್ಲಿ ಒಬ್ಬ ಪೇಂಟ್ ಕೆಲ್ಸದೋನು ಮಲಗಿದಾನೆ, ಸಾರುವೆಯಿಂದ ಬಿದ್ದೋನು. ಕಡೆಯವ್ರು ಯಾರೂ ಇಲ್ಲ. ಹೋಗ್ಬೋದಾ ಅಂದೆ, ಬೇಗ ಬಾ ಅಂದವ್ನೆ. ಮುಂದ್ಲ ವಾರ ನನ್ಗೆ ಕಣ್ಣಿನ ಆಪರೇಷನ್ನು. ಆ ವಾರ ಅವನತ್ರ ಕೂತ್ಕೊಳೋಕೆ ನಿಮ್ಮಲ್ಲಿ ಯಾರಾದ್ರೂ ಬರ್ತೀರಾ?"

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಇಡೀ ಸಭಾಂಗಣ ತಟ್ಟಿತು. ಎಂಥ ಮಾತು, ಎಂಥ ಸರಳತೆ ಎಂದು ಕೆಲವರು ಕಣ್ಣೊರೆಸಿಕೊಂಡರು. ಮುನಿಶಾಮಣ್ಣ ಮೈಕು ಹಿಡಿದುಕೊಂಡೇ ಕಾದರು. ಅವರು ಕೇಳಿದ್ದು ಪ್ರಶ್ನೆ, ಉತ್ತರಕ್ಕೆ ಕಾಯುತ್ತಿದ್ದಾರೆ ಎನ್ನುವುದು ನನಗೆ ಹೊಳೆಯುವಷ್ಟರಲ್ಲಿ ನಿರೂಪಕರು ಮೈಕು ತೆಗೆದುಕೊಂಡು ವಂದನಾರ್ಪಣೆಗೆ ಕರೆದಾಗಿತ್ತು. ಆ ಕುರ್ಚಿಯಲ್ಲಿ ಮತ್ತೆ ಕೂರುವಾಗಿನ ಅವರ ಮುಖ ನನಗೆ ನೆನಪಿದೆ. ಬೇಸರವಿರಲಿಲ್ಲ. ಬೀದಿಯಲ್ಲಿ ದಾರಿ ಕೇಳಿ, ಕೇಳಿಸಿಕೊಂಡವರು ನಕ್ಕು ಮುಂದೆ ಹೋದಾಗ ಪರಸ್ಥಳದವನು ನಿಲ್ಲುತ್ತಾನಲ್ಲ, ಹಾಗೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾದ ಮನುಷ್ಯನನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯ ಆಯಾ ಒಬ್ಬಳು ಆ ವಾರ ಕೆಲಸದ ನಡುವೆ ಪೇಂಟಿನವನನ್ನು ನೋಡಿಕೊಂಡಳು ಎಂದು ಆಮೇಲೆ ಕೇಳಿದೆ.

ಶಾಲುಗಳು ಒಂದೊಂದಾಗಿ ವಾರ್ಡಿನ ಮಂಚಗಳಿಗೆ ಹೊದಿಕೆಯಾಗಿ ಹೋದವು. ಸನ್ಮಾನಪತ್ರ ಏನಾಯಿತು ಎಂಬ ಕುತೂಹಲ ಬರೆದವಳಿಗೆ ಇರುವುದು ಸಹಜವಲ್ಲವೇ? ಒಂದು ದಿನ ಸಹೋದ್ಯೋಗಿಯೊಬ್ಬರನ್ನು ನೋಡಲು ಆಸ್ಪತ್ರೆಗೆ ಹೋದಾಗ ಉತ್ತರ ಸಿಕ್ಕಿತು. ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತ ಅಜ್ಜನ ತೊಡೆಯ ಮೇಲೆ ನನ್ನ ಪತ್ರ ಅಂಗಾತ ಮಲಗಿತ್ತು, ಅದರ ಮೇಲೆ ಅನ್ನ ಸಾರಿನ ತಟ್ಟೆ. ನನ್ನನ್ನು ಕಂಡು ಮುನಿಶಾಮಣ್ಣ ತುಂಬಾ ಖುಷಿಯಿಂದ ಹೇಳಿದರು: "ಬಾಳ ಒಳ್ಳೆ ಸೈಜಿಗೆ ಮಾಡ್ಸಿದೀರ ಟೀಚರಮ್ಮ. ಗಾಜಿರೋದ್ರಿಂದ ಒರೆಸ್ಕೊಳೋಕೂ ಸಲೀಸು." ಕರುಣಾಸಾಗರದ ಮೇಲೆ ಒಂದು ತೊಟ್ಟು ಸಾರು ಬಿದ್ದಿತ್ತು. ನಾನು ಬರೆದದ್ದರಲ್ಲಿ ಯಾರದಾದರೂ ಹೊಟ್ಟೆಗೆ ಅಷ್ಟು ಹತ್ತಿರ ಹೋದದ್ದು ಅದೊಂದೇ ಇರಬೇಕು.

ಹೋದ ಬೇಸಿಗೆಯ ಕೊನೆಯಲ್ಲಿ ಮುನಿಶಾಮಣ್ಣನೇ ಮಂಚ ಹಿಡಿದರು. ಶ್ವಾಸಕೋಶದ ತೊಂದರೆ. ಅದೇ ವಾರ್ಡು. ಹೊಸ ನರ್ಸೊಬ್ಬಳು ಬಾಗಿಲಲ್ಲಿ ನಿಂತು, "ಪೇಷೆಂಟ್ ಕಡೆಯವರು ಯಾರು?" ಎಂದಳು. ಮುನಿಶಾಮಣ್ಣ ಅಭ್ಯಾಸಬಲದಿಂದ ಕೈಯೆತ್ತಿ "ನಾನೇ" ಎಂದುಬಿಟ್ಟರು. ಹುಡುಗಿ ನಕ್ಕಳು. ನಾನೂ ನಗುತ್ತಿದ್ದೆನೇನೋ, ಆದರೆ ಆ ಕೈ ಹಾಗೇ ಮೇಲೆ ನಿಂತಿತ್ತು, ಸೂಜಿ ಚುಚ್ಚಿ ನೀಲಿಗಟ್ಟಿದ ಕೈ. ನಾನು ಅದನ್ನು ಹಿಡಿದು ಕೆಳಗಿಳಿಸಿ, "ಅವರಲ್ಲಮ್ಮ, ನಾನು" ಎಂದೆ.

"ನೀವು ಅವರಿಗೇನಾಗ್ಬೇಕು?"

ಏನಾಗಬೇಕು? ಮಗಳಲ್ಲ, ತಂಗಿಯಲ್ಲ, ಜಾತಿಯವಳಲ್ಲ. "ಒಂದೇ ಬೀದಿ" ಎಂದೆ. ಅವರ ಸ್ಟೂಲನ್ನು ಬಿಡಿಸಿ, ಅವರ ಪಕ್ಕಕ್ಕೆ ಹಾಕಿಕೊಂಡು ಕೂತೆ. ನೆಟ್ಟಗೆ ನಿಂತು ವರದಿ ಒಪ್ಪಿಸುವುದು ನನ್ನ ಕೈಲಾಗಲಿಲ್ಲ. ಅವರೇ ಕಣ್ಣಲ್ಲಿ ನಕ್ಕು, "ರಿಪೋರ್ಟು ಆಯ್ತು ಅಂದ್ಕೋತೀನಿ" ಎಂದರು.

ದಿನ ಹೋದಂತೆ ಉಸಿರು ಭಾರವಾಯಿತು. ಒಂದು ಮಧ್ಯಾಹ್ನ ನನ್ನನ್ನು ನೋಡಿ ಸ್ಪಷ್ಟವಾಗಿ ಕೇಳಿದರು: "ಹೋಗ್ಬೋದಾ ಟೀಚರಮ್ಮ?" ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಎಲ್ಲಿಗೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. "ಇನ್ನೂ ಇಲ್ಲ, ಇರಿ" ಎಂದೆ. "ಹೂಂ" ಎಂದರು. ಮಾರನೆಯ ದಿನವೂ ಕೇಳಿದರು. ಮತ್ತೆ ಇರಿ ಎಂದೆ. ನಿಮಗೆ ನನ್ನ ಮೇಲೆ ಕೋಪ ಬರಬಹುದು. ಆದರೆ ಅವರು ಹೋದರೆ, ನಾಳೆ ನನ್ನ ಮಂಚದ ಬಳಿ ಆ ಪ್ರಶ್ನೆ ಬಂದಾಗ ಉತ್ತರ ಹೇಳುವವರು ಲೋಕದಲ್ಲಿ ಇನ್ನಾರಿದ್ದರು? ನಾನು ಹಿಡಿದಿಟ್ಟುಕೊಂಡದ್ದು ನನಗಾಗಿ. ಅವರ ಪಕ್ಕೆಲುಬುಗಳು ಒಂದೊಂದು ಉಸಿರಿಗೂ ಏಳುತ್ತ ಬೀಳುತ್ತ ಇರುವುದನ್ನು ನೋಡಿ ನೋಡಿ ಕೊನೆಗೊಂದು ಬೆಳಿಗ್ಗೆ, ಅವರು ಕೇಳುವ ಮೊದಲೇ ಹೇಳಿದೆ: "ಹೋಗಿ ಬನ್ನಿ ಮುನಿಶಾಮಣ್ಣ. ಡ್ಯೂಟಿ ಮುಗೀತು."

ಆ ಕ್ಷಣವೇ ಪ್ರಾಣ ಬಿಟ್ಟರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಸನ್ಮಾನಪತ್ರದ ಕಾಲದ ನಾನಾಗಿದ್ದರೆ ಹಾಗೇ ಬರೆಯುತ್ತಿದ್ದೆ. ಅವರು ಎರಡು ಚಮಚ ಗಂಜಿ ಕುಡಿದರು. ಗೂಡಿನ ರೇಟು ಹೆಂಗಿದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಚೆನ್ನಾಗಿದೆ ಎಂದೆ. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದವರೆಗೆ ಬಂದಾಗ ಹೋದರು.

ಮಾಜಿ ಸೈನಿಕರು ಬಂದು ತ್ರಿವರ್ಣ ಹೊದಿಸಿ ಸೆಲ್ಯೂಟ್ ಹೊಡೆದರು. ಅದು ಸಲ್ಲಬೇಕಾದದ್ದೇ. ಊರಿನವರು ಹಾರ ತಂದರು, ಮತ್ತೆ ಶಾಲು ತಂದರು. ಎಲ್ಲ ಮುಗಿದ ಮೇಲೆ ಚಿಂತಾಮಣಿಯಿಂದ ಬಂದಿದ್ದ ಅವರ ಅಣ್ಣನ ಮಗ, "ನಿಮಗೇನಾದ್ರೂ ಬೇಕಾ ಟೀಚರಮ್ಮ?" ಎಂದ. ಸ್ಟೂಲು ಕೇಳಿದೆ. ಜೊತೆಗೆ, ನಾಚಿಕೆ ಬಿಟ್ಟು, ಸನ್ಮಾನಪತ್ರವನ್ನೂ ಕೇಳಿದೆ. ಎರಡನ್ನೂ ತಂದು ಬೀರುವಿನ ಹಿಂದೆ ಇಟ್ಟವಳು ಮತ್ತೆ ಮುಟ್ಟಿರಲಿಲ್ಲ. ನಿವೃತ್ತಿಯ ನಂತರದ ದಿನಗಳು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಹಾಲಿನವನ ಬಳಿ ಒಂದು ಮಾತು, ಶಾಹಿದಾಳ ಬಳಿ ಎರಡು ಮಾತು. ಕೆಲವು ದಿನ ಅಷ್ಟರಲ್ಲೇ ಮುಗಿಯುತ್ತಿತ್ತು.

ಇವತ್ತು ಸ್ಟೂಲು ಅರ್ಧ ಒಣಗಿರುವಾಗ ಫೋನ್ ಬಂತು. ಅದೇ ನರ್ಸು, ಆ ದಿನ ನಕ್ಕಿದ್ದ ಹುಡುಗಿ. "ಮೇಡಂ, ಗೌರಿಬಿದನೂರು ಕಡೆಯ ಒಬ್ಬ ಅಜ್ಜಿ ಬಂದಿದಾರೆ. ಜೊತೇಲಿ ಯಾರೂ ಇಲ್ಲ. ತಾತನ ಥರದೋರು ಯಾರಾದ್ರೂ ನಿಮಗೆ ಗೊತ್ತಾ?" ಅಂಥವರು ಯಾರೂ ಗೊತ್ತಿಲ್ಲ ಎಂದೆ. ಅದು ನಿಜವೇ. ಫೋನಿಟ್ಟು ಅಂಗಳಕ್ಕೆ ಬಂದೆ. ಸ್ಟೂಲು ಮಡಿಸಿದೆ. ಬ್ಯಾಗಿಗೆ ಕರುಣಾಸಾಗರವನ್ನೂ ತುರುಕಿದೆ. "ಗುಜರಿಗಾ?" ಎಂದಳು ಶಾಹಿದಾ. "ಡ್ಯೂಟಿಗೆ" ಎಂದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಹೋದೆ.

ಅಜ್ಜಿ ಕಡ್ಡಿಯಂತಿದ್ದರು. ತೆಲುಗು ಬೆರೆತ ಕನ್ನಡ. ವರದಿ ಒಪ್ಪಿಸಲು ಬಾಯಿ ಬರದೆ, ಹೆಸರು ಹೇಳಿ ಸುಮ್ಮನೆ ಕೂತೆ. ಸ್ಟೂಲಿನ ಇನ್ನೂ ಆರದ ಬಟ್ಟೆ ತಣ್ಣಗೆ ಸೀರೆಗೆ ತಾಗಿತು. ಗಂಜಿಯ ತಟ್ಟೆಯನ್ನು ಪತ್ರದ ಮೇಲಿಟ್ಟೆ. ಅವರು ಉಂಡರು, ಮಲಗಿದರು, ಎದ್ದು ಮೊಮ್ಮಗಳ ವಿಷಯ ಏನೋ ಹೇಳಿದರು. ಅರ್ಧ ತಿಳಿಯಿತು, ಅರ್ಧಕ್ಕೆ ಹೂಂ ಎಂದೆ. ಬಸ್ಸಿನ ಹೊತ್ತಾಯಿತು. ಎದ್ದು, ಬಂದಷ್ಟು ನೆಟ್ಟಗೆ ನಿಂತು ಕೇಳಿದೆ: "ಹೋಗ್ಲಾ ಅಮ್ಮ?"

ಅಜ್ಜಿ ಕೈಯೆತ್ತಿ ಸ್ಟೂಲು ತೋರಿಸಿದರು.

"ಇನ್ನೊಂದ್ ಚೂರು ಕೂತ್ಕೋ ತಲ್ಲಿ, ನಮ್ ತಾಯಿ."

ನನಗೆ ಯಾರಾದರೂ ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ. ಕೂತೆ.